ನಾಲ್ಕು ಅಡಿ ಕೆಳಗಿಳಿದ ನೆರೆಗಲ್ಲು

ಮಾನ್ಯ ನೆರೆ ತಡೆ ವಿಭಾಗದ ಮುಖ್ಯಸ್ಥರೇ,

ಕೆಲ್ಡಿ ಹೊಳೆಯ ತಗ್ಗುಬಯಲಿನಲ್ಲಿ ವಯಸ್ಸಾದವರಿಗೆಂದು ಹನ್ನೆರಡು ಮನೆ ಕಟ್ಟಲು ನೀವು ಒಪ್ಪಿಗೆ ಕೊಟ್ಟದ್ದು ತಪ್ಪು. ಮನೆಗಳು ಎದ್ದಾಗಿದೆ, ಬಾಗಿಲುಗಳಿಗೆ ಹಸಿರು ಬಣ್ಣ ಬಳಿದಾಗಿದೆ, ಬರುವ ಒಂದನೇ ತಾರೀಖು ಬೀಗದ ಕೈ ಹಂಚುತ್ತೀರಿ. ಅಲ್ಲಿಗೆ ನೀರು ಬರುತ್ತದೆ.

ನಿಮ್ಮ ನೂರಹತ್ತು ಪುಟದ ವರದಿಯನ್ನು ಓದಿದ್ದೇನೆ. ನಕ್ಷೆಗಳ ಬಣ್ಣ ಬಹಳ ಚೆನ್ನಾಗಿದೆ. ಹೊಳೆಯಲ್ಲಿ ನಿಮ್ಮ ಅಳತೆಗೋಲು ನೆಟ್ಟು ಮೂವತ್ತು ವರ್ಷವಾಯಿತಷ್ಟೆ. ಅದಕ್ಕೂ ಹಿಂದಿನ ಮಹಾನೆರೆಗೆ ಉಳಿದಿರುವ ಸಾಕ್ಷಿ ಹಳೆಯ ಉಣ್ಣೆ ಗಿರಣಿಯ ಗೋಡೆಯಲ್ಲಿರುವ ಕಲ್ಲೊಂದೇ. ಅದರ ಮೇಲೆ ನೀರು ಮುಟ್ಟಿದ ಗೆರೆ, ಕೆಳಗೆ 1868 ಎಂಬ ಇಸವಿ. ಆ ಗೆರೆಗಿಂತ ಎರಡಡಿ ಎತ್ತರದಲ್ಲಿ ಮನೆಗಳ ನೆಲ ಹಾಕಿಸಿ, ಸುರಕ್ಷಿತವೆಂದು ಮೊಹರು ಒತ್ತಿದಿರಿ. ಇಷ್ಟು ಜನ ಓದಿದವರಿದ್ದೀರಲ್ಲ, ಆ ಕಲ್ಲು ಮೊದಲಿನಿಂದಲೂ ಅಲ್ಲೇ ಇತ್ತೇ ಎಂಬ ಪ್ರಶ್ನೆ ಒಬ್ಬರಿಗೂ ಹುಟ್ಟಲಿಲ್ಲವೇ? ಊರಿನ ಚರಿತ್ರೆ ಬಲ್ಲವರನ್ನು ಒಂದು ಮಾತು ವಿಚಾರಿಸಬಾರದಿತ್ತೇ?

ವಿಚಾರಿಸಿದ್ದಿರಿ. ನನ್ನನ್ನೇ ವಿಚಾರಿಸಿದ್ದಿರಿ. ನಾನು ಇನ್ವರ್‌ಕೆಲ್ಡಿಯ ಚರಿತ್ರೆ ಸಂಘದ ಕಾರ್ಯದರ್ಶಿ, ಮೂವತ್ತೊಂದು ವರ್ಷ ಇಲ್ಲಿನ ಶಾಲೆಯಲ್ಲಿ ಪಾಠ ಹೇಳಿದವನು. ಆ ಕಲ್ಲನ್ನು ಕೆಳಗಿಳಿಸಿದವನೂ ನಾನೇ.

ಹನ್ನೊಂದು ವರ್ಷದ ಹಿಂದೆ ಗಿರಣಿಯ ಗೋಡೆ ರಿಪೇರಿಗೆ ಬಂದಿತ್ತು. ಕಲ್ಲು ಆಗ ಆಳೆತ್ತರಕ್ಕಿಂತ ಮೇಲೆ, ದಟ್ಟ ಬಳ್ಳಿಯ ಹಿಂದೆ ಅಡಗಿತ್ತು. ಊರಿನಲ್ಲಿ ಹೆಚ್ಚುಕಡಿಮೆ ಯಾರೂ ಅದನ್ನು ಕಂಡೇ ಇರಲಿಲ್ಲ. ಬೇಸಿಗೆಯಲ್ಲಿ ಸಾಲ್ಮನ್ ಮೀನು ಹಿಡಿಯಲು ಬರುವವರು ನಿಂತು ನೋಡಬೇಕು, ಊರಿನ ಚರಿತ್ರೆಯ ಬಗ್ಗೆ ಬರೆಯುತ್ತಿದ್ದ ನನ್ನ ಪುಸ್ತಕದ ಮುಖಪುಟಕ್ಕೆ ಒಳ್ಳೆಯ ಫೋಟೋ ಸಿಗಬೇಕು ಎಂಬ ಚಪಲ ನನಗೆ. ಎದೆಮಟ್ಟಕ್ಕೆ ಇಳಿಸಿ ಕೂರಿಸು ಎಂದು ಕಲ್ಲುಕೆಲಸದ ಡಗಲ್ ಮೆಕ್‌ರಾಸ್ಟಿಗೆ ಹೇಳಿದೆ. ಅವನು ಉಳಿಯನ್ನು ಕೆಳಗಿಟ್ಟ.

"ಮೇಷ್ಟ್ರೇ, ಇದೇನು ಅಂಗಡಿ ಬೋರ್ಡಾ, ಬೇಕಾದಲ್ಲಿ ತೂಗುಹಾಕೋಕೆ? ನೀರು ಎಲ್ಲಿಗೆ ಬಂದಿತ್ತೋ ಕಲ್ಲು ಅಲ್ಲೇ ಇರ್ಬೇಕು."

"ಯಾರಿಗೂ ಕಾಣ್ದಿರೋ ಗುರುತು ಇದ್ದು ಏನಯ್ಯಾ ಪ್ರಯೋಜನ?" ಎಂದೆ. "ನಾಲ್ಕಡಿ ಇಳಿಸಿದೀವಿ ಅಂತ ಪಕ್ಕದಲ್ಲಿ ಒಂದು ಫಲಕ ಹಾಕಿಸ್ತೀನಿ ಬಿಡು."

"ಹಾಕಿಸ್ತೀರಿ ಹಾಕಿಸ್ತೀರಿ. ಶಾಲೆ ಗಡಿಯಾರಾನೂ ರಿಪೇರಿ ಮಾಡಿಸ್ತೀನಿ ಅಂದಿದ್ರಿ."

ಫಲಕ ಹಾಕಿಸಲಿಲ್ಲ. ಇಂದು ನಾಳೆ ಎನ್ನುತ್ತಾ ವರ್ಷಗಳು ಕಳೆದವು. ಪುಸ್ತಕ ಮೂರು ಸಲ ಅಚ್ಚಾಯಿತು. ಡಗಲ್ ಹೋದ ಚಳಿಗಾಲ ತೀರಿಕೊಂಡ. ಈಗ ಸಂಗತಿ ಗೊತ್ತಿರುವುದು ನನಗೊಬ್ಬನಿಗೆ.

ಇಷ್ಟನ್ನು ಮರೆವು ಎಂದು ಕರೆದು ಪಾರಾಗಬಹುದಿತ್ತು. ಆದರೆ ನಿಮ್ಮ ಕಚೇರಿಯಿಂದ ಅಳತೆಗೆ ಬಂದ ಹೆಂಗಸು ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು, "ಸರ್, ಇದೇ ತಾನೇ ಆ ಕಲ್ಲು?" ಎಂದು ಕೇಳಿದಳು. "ಇದೇ ಕಲ್ಲು," ಎಂದೆ. ಸುಳ್ಳಲ್ಲ, ನೋಡಿ. ಸಂಘದ ಇಬ್ಬರು ಸದಸ್ಯರು ಪಕ್ಕದಲ್ಲಿದ್ದರು, ಒಬ್ಬರ ಕೈಯಲ್ಲಿ ನನ್ನ ಪುಸ್ತಕವಿತ್ತು. ಮಾನಕ್ಕೆ ಹೆದರಿ ಬಾಯಿ ಮುಚ್ಚಿಕೊಂಡೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ಮಕ್ಕಳಿಗೆ ಎಷ್ಟು ಸಲ ಪಾಠ ಹೇಳಿದ್ದೆನೋ.

ಲೆಕ್ಕ ಸರಳ. ನಿಜವಾದ ಗುರುತು ಕಲ್ಲಿಗಿಂತ ನಾಲ್ಕಡಿ ಮೇಲೆ, ಮನೆಗಳ ನೆಲ ಎರಡಡಿ ಮೇಲೆ. ಅಂಥ ನೆರೆ ಇನ್ನೊಮ್ಮೆ ಬಂದರೆ ಮಲಗಿದವರ ಹಾಸಿಗೆಗೆ ನೀರು ಹತ್ತುತ್ತದೆ.

ಮೂರನೇ ಮನೆ ಎಫಿ ರಟ್ರೇಗೆ ಸಿಕ್ಕಿದೆ. ಗಿರಣಿಯಲ್ಲಿ ನೇಯ್ಗೆ ಮಾಡಿದವಳು, ಎಂಬತ್ತೆರಡು ವರ್ಷ, ನನ್ನ ಎದುರುಮನೆಯ ಮೂರನೇ ಮಹಡಿಯಲ್ಲಿರುವವಳು. ಮಂಡಿ ಸೋತು ವಾರಕ್ಕೊಮ್ಮೆ ಇಳಿದರೆ ಹೆಚ್ಚು. ಮೊನ್ನೆ ಚಹಾಕ್ಕೆ ಕರೆದಿದ್ದಳು. ಪಿಂಗಾಣಿಯನ್ನೆಲ್ಲ ಆಗಲೇ ಹಳೆ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದಳು.

"ಹೊಳೆ ಹತ್ರ ಬೇಡ ಅಂತ ನನ್ ತಂಗಿ ಒಂದೇ ಹಟ ಕಣೋ ವಾಲಸ್," ಎಂದಳು. "ನಿನ್ ಪುಸ್ತಕ ತೆಗೆದು ಕಲ್ಲಿನ ಫೋಟೋ ತೋರಿಸ್ದೆ. ಇದಕ್ಕಿಂತ ಮೇಲಿದೆ ನನ್ ಮನೆ, ಮೇಷ್ಟ್ರು ಬರ್ದಿದಾರೆ, ಬಾಯಿ ಮುಚ್ಚು ಅಂದೆ. ಮುಚ್ಚಿದ್ಲು. ಇನ್ನೊಂದು ಬಿಸ್ಕತ್ತು ತಗೋ."

ತೆಗೆದುಕೊಂಡೆ. ಅದನ್ನು ನುಂಗುವಾಗ ನನಗಾದ ನಾಚಿಕೆಯನ್ನು ಇಲ್ಲಿ ಬರೆದು ನಿಮ್ಮ ಕನಿಕರ ಗಿಟ್ಟಿಸಲಾರೆ.

ಆದ್ದರಿಂದ ಮಾನ್ಯರೇ, ಒತ್ತಾಯಿಸುತ್ತೇನೆ: ಬೀಗದ ಕೈಗಳನ್ನು ಹಂಚಬೇಡಿ. ಗೋಡೆಯನ್ನು ಮತ್ತೆ ಅಳೆಯಿರಿ. ಗಾರೆ ಕೆರೆದರೆ ಕಲ್ಲು ಮೊದಲು ಕೂತಿದ್ದ ಹಳೆಯ ಗೂಡು ಸಿಗುತ್ತದೆ. ಆ ಹನ್ನೆರಡು ಮಂದಿಗೆ ಎತ್ತರದ ನೆಲದಲ್ಲಿ ಸೂರು ಹುಡುಕಿ. ಕಾರಣ ಕೇಳಿದವರಿಗೆ ನನ್ನ ಹೆಸರು ಹೇಳಿ, ಅರ್ಧ ಹೇಳಿ ಮರೆಮಾಚಬೇಡಿ.

ಈ ಪತ್ರ ಶುಕ್ರವಾರದ ಪತ್ರಿಕೆಯಲ್ಲಿ ಬರಲಿದೆ. ಎಫಿ ಮೊದಲು ನಿಧನ ವಾರ್ತೆ ಓದುತ್ತಾಳೆ, ಆಮೇಲೆ ಪತ್ರಗಳು. ಊರಿಗೆಲ್ಲ ಕೇಳುವಂತೆ ತಪ್ಪೊಪ್ಪಿಕೊಳ್ಳಲು ನನಗೆ ಧೈರ್ಯ ಬಂತು. ರಸ್ತೆ ದಾಟಿ ಅವಳೊಬ್ಬಳಿಗೆ ಹೇಳಲು ಇನ್ನೂ ಬಂದಿಲ್ಲ. ಇವತ್ತು ಬುಧವಾರ. ನನಗೆ ಉಳಿದಿರುವುದು ನಾಳೆ ಒಂದು ದಿನ.

ಇಂತಿ,
ಕಿಟಕಿಯಿಂದ ಎದುರುಮನೆಯ ಪರದೆ ನೋಡುತ್ತಾ ಕುಳಿತಿರುವ,
ವಾಲಸ್ ಪಿಟ್‌ಕೇತ್ಲಿ