ಬೇಕೆಂದಾಗ ಏಳಬಹುದಾದ ಆಟ

ಪ್ರೀತಿಯ ಅಕ್ಕ,

ಟೂರ್ನಮೆಂಟ್ ಬಿಟ್ಟು ಕ್ಯಾಶ್ ಗೇಮಿಗೆ ಹೊಂದಿಕೊಂಡೆಯಾ ಎಂದು ಕೇಳಿದ್ದೀಯಲ್ಲ. ಪೋಕರ್ ಅದೇ, ಇಸ್ಪೀಟಿನ ಎಲೆಗಳೂ ಅವೇ. ಆದರೆ ಟೂರ್ನಮೆಂಟಿನಲ್ಲಿ ಪಣಕ್ಕಿಡುವ ಬಿಲ್ಲೆಗಳು, ಅದೇ ಚಿಪ್ಸ್, ಮುಗಿದವರು ಎದ್ದು ಹೋಗಲೇಬೇಕು. ಕೊನೆಗೊಬ್ಬರು ಗೆದ್ದರೆ ಆಟ ಮುಗಿಯಿತು. ಈ ಕ್ಯಾಶ್ ಗೇಮಿನಲ್ಲಿ ಚಿಪ್ಸ್ ಮುಗಿದರೆ ದುಡ್ಡು ಕೊಟ್ಟು ಮತ್ತೆ ಕೊಂಡು ಕೂರಬಹುದು, ಬೇಕೆಂದಾಗ ಏಳಬಹುದು. ಬಹುಶಃ ಅದಕ್ಕೇ ಯಾರೂ ಏಳುವುದಿಲ್ಲ.

ಮೊನ್ನೆ ನನ್ನ ಬಲಗಡೆ ಕೂರುವ ಟೈಲರ್ ಮಾಮ ಆಡುತ್ತ ಆಡುತ್ತಲೇ ಮೇಜಿನ ಮೇಲೆ ತಲೆಯಿಟ್ಟು ತೀರಿಹೋದರು. ಅವರ ಕಣ್ಣು ಮುಚ್ಚಿಸಿದವಳು ನಾನೇ. ಅವರನ್ನು ಹೊತ್ತೊಯ್ದ ಮೇಲೂ ಎಲೆ ಹಂಚುವವನು ಅವರ ಚಿಪ್ಸ್ ತೆಗೆಯಲಿಲ್ಲ. "ಎದ್ದವರ ಸೀಟು ಹಾಗೇ ಇಟ್ಟಿರ್ತೀವಮ್ಮ, ಇಲ್ಲಿನ ರೂಲ್ಸೇ ಅದು" ಎಂದ.

ಇವತ್ತು ಮಧ್ಯಾಹ್ನ ಮಾಮ ಬಂದು ಕೂತರು. ಕತ್ತಿನ ಅಳತೆ ಟೇಪು ಸರಿಮಾಡಿಕೊಂಡು, "ನಂಗೂ ಹಂಚಪ್ಪ" ಎಂದರು. ಯಾರೂ ತಲೆಯೆತ್ತಲಿಲ್ಲ. ಅಕ್ಕ, ನನ್ನ ಕೈಯಲ್ಲಿ ಒಳ್ಳೆಯ ಎಲೆಗಳಿದ್ದವು. ನಾನೂ ಏಳಲಿಲ್ಲ.

ಇದನ್ನು ಆ ಮೇಜಿನಲ್ಲೇ ಬರೆಯುತ್ತಿದ್ದೇನೆ. ನೀನು ಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗು. ನಾನು ಬೈದರೂ ಬಿಡಬೇಡ. ಆದರೆ ಎಲೆ ಹಂಚುವವನು "ಬನ್ನಿ, ಕೂತ್ಕೊಳ್ಳಿ" ಅಂತ ಕುರ್ಚಿ ಎಳೆದುಕೊಟ್ಟರೆ, ನಿನ್ನ ಕಾಲಿಗೆ ಬೀಳುತ್ತೇನೆ, ಕೂರಬೇಡ.

ನಿನ್ನ ದಾರಿ ನೋಡುತ್ತಿರುವ,
ತಂಗಿ