ನಿನ್ನ ಕೋಲಿನ ಮೇಲೆ ನಾನು ಉಜ್ಜಿ ಅಳಿಸಿದ್ದು

ಅಕ್ಕಾ, ನನ್ನ ಮೊದಲ ಮೇಷ್ಟರೇ,

ನಿನ್ನ ಮನೆಯ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಬಾಗಿಲಿಗೆ ಬೀಗ ಬಿದ್ದಿದೆ. ನಾನು ಮಾಡಿ ಕಳಿಸಿದ ಗಾಳದ ಕೋಲು ತೆಗೆದುಕೊಂಡು ನೀನು ಬೆಳಿಗ್ಗೆಯೇ ಮೀನು ಹಿಡಿಯಲು ಹೋಗಿದ್ದೀಯ. ಆ ಕೋಲು ನಿನ್ನನ್ನು ಕೊಲ್ಲಬಹುದು. ಸುತ್ತಿ ಬಳಸಿ ಮಾತಾಡುವುದು ನನಗೆ ಗೊತ್ತಿಲ್ಲ, ನೀನೂ ಕಲಿಸಲಿಲ್ಲ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಹುಡುಕಿಕೊಂಡು ಕಾಲುವೆಯ ಗೇಟಿನವರೆಗೆ ಹೋಗಿಬಂದೆ. ವಿದ್ಯುತ್ ಕಂಪನಿಯವರು ಅಲ್ಲಿಗೆ ಹೊಸದಾಗಿ ಸರಪಳಿ ಜಡಿದಿದ್ದಾರೆ. ವಾಚ್‌ಮನ್ ಕುರ್ಚಿಯಿಂದ ಏಳದೆಯೇ ಹೇಳಿದ, ಒಬ್ಬ ಅಜ್ಜಿ ಉದ್ದನೆಯ ಚೀಲ ಹೊತ್ತು ಆಚೆ ದಂಡೆಯಲ್ಲಿ ನಡೆದು ಹೋದರಂತೆ, ಕೂಗಿದರೂ ತಿರುಗಿ ನೋಡಲಿಲ್ಲವಂತೆ, ಭಾರೀ ಜಂಬವಂತೆ. ಜಂಬವಲ್ಲಪ್ಪಾ, ಅವಳ ಕಿವಿಯನ್ನು ಮಗ್ಗ ತಿಂದಿದೆ ಎಂದೆ. ಆಚೆ ದಂಡೆಗೆ ಸೇತುವೆ ಬಳಸಿ ನಾಲ್ಕು ಕಿಲೋಮೀಟರು. ಹೊರಟೆ. ದಾರಿಯ ಕಾಲು ಭಾಗಕ್ಕೇ ನನ್ನ ಮಂಡಿ ಕೈಕೊಟ್ಟಿತು. ಕುಂಟುತ್ತ ಹಿಂದಿರುಗಿದೆ. ಪಕ್ಕದ ಮನೆಯ ಟೈಲರಮ್ಮ ತನ್ನ ಗಂಡನನ್ನು ಬೈಕಿನಲ್ಲಿ ಅಟ್ಟಿದ್ದಾಳೆ. "ನೀವು ಇಲ್ಲೇ ಕೂತಿರಿ, ಅವರು ಬೇರೆ ದಾರೀಲಿ ಬಂದ್ರೆ ಯಾರಾದ್ರೂ ಇರಬೇಕಲ್ಲ" ಎಂದಳು. ಕೂತಿದ್ದೇನೆ. ಕೈಗೊಂದು ಕೆಲಸ ಬೇಕು, ಬರೆಯುತ್ತಿದ್ದೇನೆ. ಹೇಗಿದ್ದರೂ ನೀನು ಬಂದ ಮೇಲೆ ಎಲ್ಲವನ್ನೂ ಕಾಗದದ ಮೇಲೇ ಹೇಳಬೇಕು.

ಇಪ್ಪತ್ತಾರು ವರ್ಷ ಗಿರಣಿಯಲ್ಲಿ ದುಡಿದು ನೀನು ಎರಡು ಕಿವಿ ಕೊಟ್ಟೆ, ಬಲಗೈಯ ಎರಡು ಬೆರಳಿನ ಬಿಗಿ ಕೊಟ್ಟೆ. ಮಾಲೀಕರು ನಿನಗೊಂದು ಗೋಡೆ ಗಡಿಯಾರ ಕೊಟ್ಟರು. ಅದರ ಟಿಕ್ ಟಿಕ್ ನಿನಗೆ ಕೇಳುವುದಿಲ್ಲ ಎಂಬುದು ಆ ಮಹಾನುಭಾವರಿಗೆ ಹೊಳೆಯಲೇ ಇಲ್ಲ. ಅಂದಿನಿಂದ ನಮ್ಮಿಬ್ಬರ ಮಾತೆಲ್ಲ ಅಕ್ಷರದಲ್ಲೇ. ಎದುರು ಬದುರು ಕೂತಾಗಲೂ ನಡುವೆ ಒಂದು ನೋಟ್‌ಬುಕ್ಕು. ನಾನು ಬರೆಯಬೇಕು, ನೀನು ಓದಿ ಬೀದಿಗೆಲ್ಲ ಕೇಳುವ ಹಾಗೆ ಉತ್ತರ ಹೇಳಬೇಕು. ಆ ಅಕ್ಷರಗಳನ್ನೂ ನನಗೆ ಕಲಿಸಿದವಳು ನೀನೇ, ನೂಲಿನ ಪೆಟ್ಟಿಗೆಯ ರಟ್ಟಿನ ಹಿಂದೆ ಸೀಸದ ಕಡ್ಡಿಯಲ್ಲಿ ಬರೆದು ತೋರಿಸಿ. ಅದೇ ಅಕ್ಷರ ಹಿಡಿದು ನಾನು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವನಾದೆ. ಅಲ್ಲಿಂದ ಕರಪತ್ರ, ಮೆರವಣಿಗೆ, ಲಾಠಿ, ಎಲ್ಲ ನಿನಗೆ ಗೊತ್ತಿರುವುದೇ.

ಗಿರಣಿಯ ಗೇಟಿನೆದುರು ಸತ್ತ ಆ ಪೇಂಟರ್ ನೆನಪಿದ್ದಾನಾ? ಕಬ್ಬಿಣದ ಏಣಿ ಹೊತ್ತು ಹೋಗುತ್ತಿದ್ದ. ಮೇಲೆ ಜೋತುಬಿದ್ದ ತಂತಿ. ಏಣಿಯ ತುದಿ ತಾಗಿತು, ಅಷ್ಟೆ. ಅವನ ಚಪ್ಪಲಿ ಎರಡೂ ನಿಂತಲ್ಲೇ ನಿಂತಿದ್ದವು, ಅವನು ಮಾತ್ರ ದೂರ ಬಿದ್ದಿದ್ದ. ವಿದ್ಯುತ್ ಕಂಪನಿಯವರು ತನಿಖೆ ಮಾಡಿ ಒಂದೇ ಒಂದು ಪದ ಬರೆದರು: ಅಜಾಗರೂಕತೆ. ಸತ್ತವನದು. ನಾನು ಆ ಪದವನ್ನೇ ದಪ್ಪಕ್ಷರದಲ್ಲಿ ಹಾಕಿ ಅದರ ಮೇಲೆ ಅಡ್ಡಗೆರೆ ಎಳೆದು, ಕೆಳಗೆ "ಕೊಲೆ" ಎಂದು ಅಚ್ಚು ಹಾಕಿದೆ. ಐದು ಸಾವಿರ ಪ್ರತಿ. ನೀನೂ ಹಂಚಿದೆ. ತಂತಿ ಮೇಲೇರಿಸುವವರೆಗೆ ನಾವು ಕದಲಲಿಲ್ಲ. ಇಪ್ಪತ್ತೆರಡು ದಿನ.

ಆ ಕರಪತ್ರ ಬರೆದವನು ನಾನು, ಅಕ್ಕಾ. ನಿನ್ನ ಕೋಲು ಮಾಡಿದವನೂ ನಾನೇ.

ಪ್ರೆಸ್ಸು ಬಿಟ್ಟ ಮೇಲೆ ನನ್ನ ಅಡುಗೆಮನೆಯ ಮೇಜೇ ಗಾಳದ ಕೋಲಿನ ಕಾರ್ಖಾನೆಯಾಯಿತು. "ಮಾಲೀಕನೂ ನೀನೇ, ಕೆಲಸಗಾರನೂ ನೀನೇ. ಇನ್ನು ಯಾರ ಮೇಲೆ ಮುಷ್ಕರ ಹೂಡ್ತೀಯೋ?" ಎಂದು ನೀನು ನಕ್ಕಿದ್ದೆ. ನನಗೂ ಅದೇ ಖುಷಿ. ಯಾರ ಸೈರನ್ನೂ ಇಲ್ಲದ ಕೆಲಸ. ಟೊಳ್ಳು ಕೋಲನ್ನು ತರಿಸುವುದು, ಅದರ ಬೆನ್ನು ಹುಡುಕುವುದು. ತುದಿಯನ್ನು ನೆಲಕ್ಕೂರಿ, ನಡುವನ್ನು ಅಂಗೈಯಿಂದ ಒತ್ತಿ ಉರುಳಿಸಿದರೆ ಒಂದು ಕಡೆ ತಟಕ್ಕನೆ ತಾನೇ ತಿರುಗಿ ನಿಲ್ಲುತ್ತದೆ. ಅದೇ ಅದರ ಬೆನ್ನು. ದಾರ ಹಾಯುವ ಉಂಗುರಗಳನ್ನು ಆ ಗೆರೆಯ ಮೇಲೇ ಕಟ್ಟಬೇಕು, ಇಲ್ಲದಿದ್ದರೆ ಮೀನು ಎಳೆದಾಗ ಕೋಲು ಕೈಯಲ್ಲಿ ತಿರುಚಿಕೊಳ್ಳುತ್ತದೆ. ನಿನ್ನ ಕೋಲಿನ ಬೆನ್ನನ್ನು ಹತ್ತು ಸಲ ನೋಡಿದೆ. ನಿನ್ನ ಬಲಗೈಗೆ ತಿರುಚು ತಡೆಯುವ ಶಕ್ತಿ ಇಲ್ಲವಲ್ಲ. ಕೆಂಪು ರೇಷ್ಮೆ ದಾರದಲ್ಲಿ ಹನ್ನೊಂದು ಉಂಗುರ ಕಟ್ಟಿದೆ. ಎಪಾಕ್ಸಿ ಅಂಟು ಬಳಿದು, ಅದು ಒಂದೇ ಕಡೆ ಇಳಿಯದಿರಲೆಂದು ಹಳೆಯ ಮೋಟಾರಿಗೆ ಸಿಕ್ಕಿಸಿ ಇಡೀ ದಿನ ತಿರುಗಿಸಿದೆ. ಮೂರು ತುಂಡಿನ ಕೋಲು. ಒಂದರೊಳಗೊಂದು ಕೂರುವ ಕೀಲು ಅಲುಗಾಡಬಾರದೆಂದು ಬಿಗಿ ಮಾಡಿದೆ. ಇಷ್ಟೆಲ್ಲ ಜಾಗರೂಕತೆ ನೋಡು.

ಹಗುರ ಬೇಕಿತ್ತು. ಅದೊಂದೇ ನನ್ನ ತಲೆಯಲ್ಲಿದ್ದದ್ದು. ನಿನ್ನ ಹಳೆಯ ಬಿದಿರು ಕೋಲನ್ನು ನೀನು ಎರಡೂ ಕೈಯಲ್ಲಿ ಎತ್ತುವುದನ್ನು ನೋಡಿದ್ದೆ. ಅದಕ್ಕೇ ಕಾರ್ಬನ್ ನಾರಿನದು ತರಿಸಿದೆ, ಹದಿನಾಲ್ಕು ಅಡಿ. ಹಿಡಿಗೆ ಉದ್ದಕ್ಕೂ ಕಾರ್ಕ್ ಬೆಂಡು ಸುತ್ತಿದರೆ ತೂಕ ಎಂದು ಎರಡು ಕಡೆ ಮಾತ್ರ ಸುತ್ತಿದೆ. ನಡುವೆ ನಿನ್ನ ಬೆರಳು ಕೂರುವ ಜಾಗದಲ್ಲಿ ಬರಿಯ ಕಪ್ಪು ಕೊಳವೆ. ಮೀನಿನ ಉಸಿರೂ ಅಂಗೈಗೆ ತಿಳಿಯುತ್ತದೆ ಎಂದು ಪಾರ್ಸೆಲ್‌ನೊಳಗೆ ಚೀಟಿ ಇಟ್ಟು ಕೊಚ್ಚಿಕೊಂಡೆ.

ಈಗ ಬರೆಯಬೇಕಾದ್ದನ್ನು ಬರೆಯುತ್ತೇನೆ. ಆ ಕೋಲಿನ ಮೇಲೆ, ಹಿಡಿಗಿಂತ ಸ್ವಲ್ಪ ಮೇಲೆ, ಒಂದು ಹಳದಿ ಪಟ್ಟಿ ಇತ್ತು. ಹೆಬ್ಬೆರಳಿನಷ್ಟು. ಅದರ ಮೇಲೆ ಸಿಡಿಲಿನ ಗುರುತು, ಪಕ್ಕದಲ್ಲಿ ಎರಡು ಸಾಲು: ಈ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ, ತಂತಿಗಳ ಹತ್ತಿರ ಬಳಸಬೇಡಿ. ಓದಿದೆ. ಅಕ್ಷರವನ್ನು ಓದದೆ ಬಿಡುವವನಲ್ಲ ನಾನು. ಓದಿ, ಇದೊಂದು ಹಾಳು ಹಳದಿ, ನನ್ನ ಕೆಂಪು ದಾರಕ್ಕೆ ಒಪ್ಪುವುದಿಲ್ಲ ಎಂದುಕೊಂಡೆ. ನುಣ್ಣನೆಯ ಮರಳುಕಾಗದ ನೀರಲ್ಲಿ ಅದ್ದಿ ಉಜ್ಜಿ ಉಜ್ಜಿ ತೆಗೆದೆ. ಅದೇ ಜಾಗದಲ್ಲಿ ಬಿಳಿ ಶಾಯಿಯಲ್ಲಿ, ನನ್ನ ಕೈಲಾದಷ್ಟು ಮುದ್ದಾಗಿ, "ಅಕ್ಕನಿಗೆ, ತಮ್ಮನಿಂದ" ಎಂದು ಬರೆದು ಅದರ ಮೇಲೆ ಅಂಟು ಬಳಿದೆ.

ನಿನ್ನೆ ಮಧ್ಯಾಹ್ನ ನಿನ್ನ ಕಾಗದ ಬಂತು. ಕೋಲು ಪೊರಕೆ ಕಡ್ಡಿಯ ಹಾಗಿದೆ, ಒಂದೇ ಕೈಯಲ್ಲಿ ಎತ್ತಿದೆ, ಅತ್ತುಬಿಟ್ಟೆ ಎಂದು ಬರೆದಿದ್ದೆ. ಕೊನೆಯಲ್ಲಿ ಒಂದು ಸಾಲು: ಕಾಲುವೆಯ ಮೇಲೆ ಈಗ ದೊಡ್ಡ ಕರೆಂಟಿನ ಕಂಬ ನೆಟ್ಟಿದ್ದಾರೆ, ಅದರ ಬುಡದಲ್ಲಿ ಮೀನು ಕೂಡುತ್ತವಂತೆ, ಭಾನುವಾರ ಅಲ್ಲಿಗೇ. ಆ ಸಾಲು ಓದಿದಾಗ ನನಗೆ ಮೊದಲು ನೆನಪಾದದ್ದು ನೀನಲ್ಲ, ಆ ಪೇಂಟರಿನ ಚಪ್ಪಲಿ. ಕೊನೆಯ ಬಸ್ಸು ಹೋಗಿಯಾಗಿತ್ತು. ಟೈಲರಮ್ಮನ ಫೋನ್ ನಂಬರು ನನ್ನಲ್ಲಿರಲಿಲ್ಲ. ಮನೆಮನೆ ತಿರುಗಿ ಇಪ್ಪತ್ತು ಸಾವಿರ ಸಹಿ ಸಂಗ್ರಹಿಸಿದ ನಾಯಕ, ಒಡಹುಟ್ಟಿದವಳ ಪಕ್ಕದ ಮನೆಯ ನಂಬರನ್ನು, ನೀನು ಈ ಬೀದಿಗೆ ಬಂದು ಹನ್ನೊಂದು ವರ್ಷವಾದರೂ, ಕೇಳಿರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಬರುವಷ್ಟರಲ್ಲಿ ನಿನ್ನ ಬಾಗಿಲಿಗೆ ಬೀಗ.

ಗೇಟಿನಿಂದ ತಂತಿ ನೋಡಿದೆ. ಕಂಬದ ಬುಡದಲ್ಲಿ ಜೊಂಡು ಬೆಳೆದಿದೆ, ಅಲ್ಲಿ ಕೂತವರು ಈಚೆಗೆ ಕಾಣುವುದಿಲ್ಲ. ತಂತಿ ನಡುವೆ ಹೊಟ್ಟೆ ಬಿಟ್ಟುಕೊಂಡು ಜೋತುಬಿದ್ದಿದೆ. ಎಷ್ಟು ಎತ್ತರ ಎಂದು ಕಣ್ಣಳತೆ ಹಾಕಿದೆ, ನೀನು ಕೋಲು ಎತ್ತಿ ಬೀಸಿದರೆ ಎಷ್ಟು ಎಂದು ಲೆಕ್ಕ ಹಾಕಿದೆ. ಲೆಕ್ಕ ಬರೆಯುವುದಿಲ್ಲ. ಇಂಥ ತಂತಿ ಚಟಪಟ ಎನ್ನುತ್ತದೆ, ಕಿವಿ ಇದ್ದವರು ತಲೆಯೆತ್ತಿ ನೋಡಿ ದೂರ ಸರಿಯುತ್ತಾರೆ. ನಿನಗೆ ಅದೂ ಇಲ್ಲ. ಗಿರಣಿಯವರು ನಿನ್ನ ಕಿವಿ ತೆಗೆದರು, ಕಂಪನಿಯವರು ತಂತಿ ಇಳಿಬಿಟ್ಟರು, ಉಳಿದ ಒಂದು ಎಚ್ಚರಿಕೆಯನ್ನು ನಿನ್ನ ಸ್ವಂತ ತಮ್ಮ ಮರಳುಕಾಗದದಲ್ಲಿ ಉಜ್ಜಿ ತೆಗೆದ.

ಟೈಲರಮ್ಮನ ಹೊಲಿಗೆ ಯಂತ್ರ ಗೋಡೆಯಾಚೆ ಓಡುತ್ತಲೇ ಇದೆ. ಮೋಟಾರಿನದು. ಅದರ ಸದ್ದು ಹಿಡಿದುಕೊಂಡೇ ಇಷ್ಟು ಬರೆದೆ.

ನಿಂತಿತು.

ಅಕ್ಕಾ, ಯಂತ್ರ ನಿಂತಿತು. ಎದುರು ಮನೆಯ ರೇಡಿಯೋ ಕೂಡ ನಿಂತಿತು. ಇಡೀ ಬೀದಿಯಲ್ಲಿ ಕರೆಂಟು ಹೋಗಿದೆ. ಪೇಂಟರ್ ಸತ್ತ ದಿನವೂ ಹೀಗೇ ಆಗಿತ್ತು, ನಾನು ಪ್ರೆಸ್ಸಿನಲ್ಲಿದ್ದೆ, ಯಂತ್ರ ತನ್ನಷ್ಟಕ್ಕೆ ನಿಂತಿತ್ತು, ನಾವೆಲ್ಲ ಟೀ ಕುಡಿಯಲು ಬಿಡುವು ಸಿಕ್ಕಿತು ಎಂದು ನಕ್ಕಿದ್ದೆವು. ಟೈಲರಮ್ಮ ಹೊರಗೆ ಬಂದು ನನ್ನ ಮುಖ ನೋಡಿ, "ದಿನಾ ಹೋಗುತ್ತೆ, ಅದಕ್ಕೆಲ್ಲ ಹೀಗಾದ್ರೆ ಹೇಗೆ" ಎಂದಳು. ಅವಳ ದನಿಯಲ್ಲಿ ಅವಳಿಗೇ ನಂಬಿಕೆ ಇರಲಿಲ್ಲ. ಗಂಡನಿಗೆ ಫೋನ್ ಹಚ್ಚಿದಳು. ಅವನು ಎತ್ತುತ್ತಿಲ್ಲ.

ಸುಮ್ಮನೆ ಕೂರಲಾರೆ. ಬಟ್ಟೆಯ ಅಳತೆ ಕತ್ತರಿಸುವ ಕಂದು ಕಾಗದ ಅವಳ ಹತ್ತಿರ ಇದೆ, ಒಂದು ದಪ್ಪ ಕಪ್ಪು ಪೆನ್ನೂ ಇದೆ. ಕೇಳಿ ತೆಗೆದುಕೊಂಡೆ. ಕಾಗದ ಹಾಸಿ ಬರೆದೆ: ಕೋಲು ಕೆಳಗಿಳಿಸು. ಮತ್ತೆ ಗೇಟಿನವರೆಗೆ ಹೋಗಿ, ನೀರಿನ ಈಚೆ ದಂಡೆಯಿಂದ ಎತ್ತಿ ಹಿಡಿಯುತ್ತೇನೆ. ನೀನು ಆಚೆ ದಂಡೆಯಲ್ಲಿ ತಲೆಯೆತ್ತಿದರೆ ಕಾಣುತ್ತದೆ. ತಲೆಯೆತ್ತುವ ಸ್ಥಿತಿಯಲ್ಲಿದ್ದರೆ. ಜೀವಮಾನವೆಲ್ಲ ಫಲಕ ಬರೆದಿದ್ದೇನೆ, ಇಷ್ಟು ಸೊಟ್ಟ ಅಕ್ಷರ ಎಂದೂ ಬರೆದಿರಲಿಲ್ಲ. ಹೊರಟೆ.

ಇನ್ನು ಮುಂದಿನದನ್ನು ಆ ಕಂದು ಕಾಗದದ ಬೆನ್ನಿಗೇ ಬರೆಯುತ್ತಿದ್ದೇನೆ.

ಎದ್ದು ನಿಂತಾಗ ನೀನು ಬೀದಿಯ ತಿರುವಿನಲ್ಲಿ ಕಂಡೆ. ನಡೆದು ಬರುತ್ತಿದ್ದೆ. ಮರುಗಳಿಗೆಯಲ್ಲೇ ಇನ್ನೊಂದು ಕಂಡಿತು: ಕೋಲು ಚೀಲದಲ್ಲಿರಲಿಲ್ಲ. ಮೂರೂ ತುಂಡು ಜೋಡಿಸಿದ ಹಾಗೇ, ಬಾವುಟ ಹಿಡಿದ ಹಾಗೆ, ನೆಟ್ಟಗೆ ಮೇಲಕ್ಕೆ ಹಿಡಿದುಕೊಂಡು ಬರುತ್ತಿದ್ದೆ. ನಿನ್ನ ಬೀದಿಗೆ ಅಡ್ಡಲಾಗಿ ಕಂಬದಿಂದ ಕಂಬಕ್ಕೆ ಬೆತ್ತಲೆ ತಂತಿ. ನೀನು ಅದಕ್ಕೆ ಹತ್ತು ಹೆಜ್ಜೆ ದೂರದಲ್ಲಿದ್ದೆ. ಅದೇ ಗಳಿಗೆಗೆ ಗೋಡೆಯಾಚೆ ಹೊಲಿಗೆ ಯಂತ್ರ ಗುರ್ರ್ ಎಂದಿತು. ಕರೆಂಟು ಬಂದಿತ್ತು.

ನಾನು ಕೂಗಿದೆ. ಸಾವಿರ ಜನರ ಮುಂದೆ ಮೈಕಿಲ್ಲದೆ ಕೂಗಿದ ಗಂಟಲು ಇದು. ಟೈಲರಮ್ಮ ಬೆಚ್ಚಿ ಕತ್ತರಿ ಬಿಟ್ಟಳು. ನೀನು ನಗುತ್ತ ನಡೆದೆ. ಆಮೇಲೆ ಕೈಯಲ್ಲಿದ್ದ ಕಾಗದ ನೆನಪಾಯಿತು. ಎರಡೂ ಕೈಯಲ್ಲಿ ಎತ್ತಿ ತಲೆಯ ಮೇಲೆ ಹಿಡಿದೆ. ನೀನು ನಿಂತೆ. ಕಣ್ಣು ಕಿರಿದು ಮಾಡಿದೆ. ಒಂದೊಂದೇ ಅಕ್ಷರ ಓದುತ್ತಿರುವುದು ನಿನ್ನ ತುಟಿಯಲ್ಲಿ ಕಾಣುತ್ತಿತ್ತು. ಕೋಲಿನ ತುದಿ ಮೆಲ್ಲಗೆ ಬಾಗುತ್ತ ಬಾಗುತ್ತ ನೆಲಕ್ಕೆ ಬಂತು.

ಹತ್ತಿರ ಬಂದು ನೀನು ಹೇಳಿದ ಮೊದಲ ಮಾತು: "ಇಷ್ಟು ದೊಡ್ಡಕ್ಷರ ಯಾಕೋ? ನಂಗೆ ಕಿವಿ ಇಲ್ಲ ಅಷ್ಟೆ, ಕಣ್ಣಿದೆ." ಕೀಲು ಬಿಗಿಯಾಗಿ ಸಿಕ್ಕಿಕೊಂಡಿತ್ತಂತೆ, ನಿನ್ನ ಬಲಗೈಯಲ್ಲಿ ಬಿಡಿಸಲಾಗದೆ ಹಾಗೇ ಎತ್ತಿಕೊಂಡು ಬಂದೆಯಂತೆ. ಅದೂ ನನ್ನ ಕೆಲಸವೇ. ಆಮೇಲೆ, ಕೋಲನ್ನು ಗೋಡೆಗೆ ಒರಗಿಸುತ್ತ, ಎಷ್ಟು ಸಂತೋಷದಿಂದ ಹೇಳಿದೆ: "ಕಂಬದ ಕೆಳಗೆ ಒಂದು ಗಂಟೆ ಕೂತಿದ್ದೆ ಕಣೋ. ಒಂದೂ ಕಚ್ಚಲಿಲ್ಲ. ಆದ್ರೆ ಎತ್ತಿದಾಗೆಲ್ಲ ಬೆರಳಿಗೆ ಜುಮ್ ಜುಮ್ ಅಂತಿತ್ತು. ಮೀನಿನ ಉಸಿರು ಅಂದ್ಯಲ್ಲ, ನಿಜ."

ಅದು ಮೀನಲ್ಲ, ಅಕ್ಕಾ.

ನೀನು ಒಳಗೆ ಕೈ ತೊಳೆಯುತ್ತಿದ್ದೀಯ. ನಾನಿನ್ನೂ ಮೆಟ್ಟಿಲ ಮೇಲಿದ್ದೇನೆ, ಇದನ್ನು ಮುಗಿಸಿಯೇ ಒಳಗೆ ಬರುತ್ತೇನೆ. ಟೈಲರಮ್ಮನ ಗಂಡ ಈಗಷ್ಟೇ ಬಂದ, ಬೈಕ್ ಓಡಿಸುವಾಗ ಫೋನ್ ಎತ್ತುವುದಿಲ್ಲವಂತೆ. ಈ ಕೋಲನ್ನು ನಾನು ವಾಪಸ್ ಒಯ್ಯುತ್ತೇನೆ, ಜಗಳ ಮಾಡಬೇಡ. ಗಾಜಿನ ನಾರಿನದು ಮಾಡಿಕೊಡುತ್ತೇನೆ, ಗಿಡ್ಡದ್ದು, ಸ್ವಲ್ಪ ಭಾರ. ಅದನ್ನೂ ತಂತಿಯ ಕೆಳಗೆ ಹಿಡಿಯಬಾರದು. ಈ ಮಾತನ್ನು ಈ ಸಲ ಕೋಲಿನ ಮೇಲೇ ಬರೆಯುತ್ತೇನೆ, ಹಳದಿಯಲ್ಲಿ, ನಿನಗೆ ಎಷ್ಟೇ ಅಸಹ್ಯ ಕಂಡರೂ. ನಾಳೆ ಆ ಕಂಪನಿಯ ಬಾಗಿಲಿಗೆ ಇಬ್ಬರೂ ಹೋಗೋಣ. ಜೋತುಬಿದ್ದ ತಂತಿಗೆ ಅವರೇ ಉತ್ತರ ಹೇಳಬೇಕು, ಬಿಡುವುದಿಲ್ಲ. ಆದರೆ ಅಂದು ನಾನು ಅಡ್ಡಗೆರೆ ಎಳೆದಿದ್ದ ಆ ಪದ, ಅಜಾಗರೂಕತೆ, ಇವತ್ತು ನನ್ನದು. ಇದಕ್ಕೆ ಗೆರೆ ಎಳೆಯುವುದಿಲ್ಲ.

ಓದಿ ಮುಗಿಸಿದ ಮೇಲೆ ನನ್ನ ಬೆನ್ನಿಗೊಂದು ಗುದ್ದು ಕೊಡು, ಬಲಗೈಯಲ್ಲೇ.

ಕಿರಿಯವನು ಹರಸಬಾರದು ಅನ್ನುತ್ತಾರೆ, ಅನ್ನಲಿ. ನೂರು ವರ್ಷ ನೀರ ದಂಡೆಯಲ್ಲಿ ಕೂರು. ನಿನ್ನ ಬೆರಳು ಜುಮ್ಮೆನ್ನುವುದು ಇನ್ನು ಮೇಲೆ ಮೀನು ಕಚ್ಚಿದಾಗ ಮಾತ್ರ ಆಗಲಿ.

ಹೆದರಿಕೆ ಇನ್ನೂ ಇಳಿಯದ,
ನಿನ್ನ ತಮ್ಮ