ಅಕ್ಕನನ್ನು ಯಾರೂ ಕೇಳಲಿಲ್ಲ

ಹೊಸ ಮನೆಯಿಂದ,
ಸೋಮವಾರ, ಸಂಜೆ

ಪ್ರೀತಿಯ ಅಕ್ಕಾ,

ನನ್ನ ಕಿಡ್ನಿ ನಿನಗೆ ಹೊಂದುತ್ತದಂತೆ ಕಣೇ! ಡಾಕ್ಟರು ಹೇಳಿದಾಗ ಅವರ ಕೋಣೆಯಲ್ಲೇ ಕುಣಿದುಬಿಟ್ಟೆ. ಸರಿ, ಮೊದಲು ನೀನು ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಡಯಾಲಿಸಿಸ್ ಆದ ದಿನ ಈಗಲೂ ಅಷ್ಟೇ ಸುಸ್ತಾಗುತ್ತದೆಯೇ? ಭಾವ ಇನ್ನೂ ನೀರಿನ ಲೋಟಕ್ಕೆ ಪೊಲೀಸರಂತೆ ಕಾವಲು ಕೂರುತ್ತಾರಾ?

ನಿನಗೆ ಹೇಳದೆ ಪರೀಕ್ಷೆ ಮಾಡಿಸಿಕೊಂಡೆ, ಬೈಯಬೇಡ. ಇವರಿಗೆ ಮಾತ್ರ ಹೇಳಿದ್ದೆ. ಕನ್ನಡಕದ ಅಂಗಡಿ ಮುಚ್ಚಿ ಬಂದವರು (ಸಣ್ಣ ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡೇ ಬರುತ್ತಾರೆ, ಎಷ್ಟು ಮುದ್ದಾಗಿ ಕಾಣುತ್ತಾರೆ ಗೊತ್ತಾ!) "ದೇಹ ನಿಂದು, ಅಕ್ಕ ನಿನ್ನೋಳು. ನಾನು ಆಸ್ಪತ್ರೆಗೆ ಬುತ್ತಿ ಹೊರೋನು ಅಷ್ಟೆ" ಎಂದರು. ಇಂಥವರನ್ನು ಕಟ್ಟಿಕೊಂಡ ನಾನೇ ಅದೃಷ್ಟವಂತೆ.

ಆಮೇಲೆ ಒಂದು ಪೆದ್ದು ಕೆಲಸ ಮಾಡಿದೆ. ಕಾಲೇಜಿನಲ್ಲಿ ಈಗ ನಾನು ನೀತಿಶಾಸ್ತ್ರದ ಮೊದಲ ಪಾಠಗಳನ್ನು ಮಾಡುತ್ತಿದ್ದೇನೆ. ಪುಸ್ತಕದ ಉದಾಹರಣೆ ಬಿಟ್ಟು, ಯಾರದೋ ಮನೆಯ ಕಥೆ ಎಂಬಂತೆ ನಮ್ಮದನ್ನೇ ಮುಂದಿಟ್ಟೆ: ಹೊಸದಾಗಿ ಮದುವೆಯಾದ ತಂಗಿ ಅಕ್ಕನಿಗೆ ಕಿಡ್ನಿ ಕೊಡಬೇಕೇ? ಮುಂದಿನ ಬೆಂಚಿನವರು ಫಲ ನೋಡಿ ಎಂದರು. ತಂಗಿಗೆ ಆಗುವ ನಷ್ಟ ಸಣ್ಣದು, ಅಕ್ಕನಿಗೆ ಸಿಗುವುದು ಇಡೀ ಬದುಕು. ಕಿಟಕಿ ಪಕ್ಕದವರು, ಫಲ ಏನೇ ಇರಲಿ, ಕರ್ತವ್ಯ ಕರ್ತವ್ಯವೇ ಎಂದು ಹಟ ಹಿಡಿದರು. ಮತ್ತೊಬ್ಬಳು, ಲೆಕ್ಕಾಚಾರವೂ ಬೇಡ, ನಿಯಮವೂ ಬೇಡ, ಒಳ್ಳೆಯ ಮನಸ್ಸಿನ ತಂಗಿ ಏನು ಮಾಡುತ್ತಾಳೋ ಅದೇ ಸರಿ ಎಂದಳು. ಮೂರು ಸಿದ್ಧಾಂತಗಳೂ ನನ್ನ ಕಡೆಗೇ! ಉಬ್ಬಿಹೋಗಿದ್ದೆ. ಅಷ್ಟರಲ್ಲಿ ಸದಾ ತೂಕಡಿಸುವ ಹುಡುಗಿಯೊಬ್ಬಳು ತಲೆಯೆತ್ತಿ, "ಮಿಸ್, ಆ ಅಕ್ಕನ್ನ ಯಾರೂ ಕೇಳ್ಲೇ ಇಲ್ವಲ್ಲ? ಅವಳೇನು ಪಾತ್ರೆನಾ, ಸುರಿದಷ್ಟೂ ತುಂಬ್ಕೊಳ್ಳೋಕೆ?" ಎಂದಳು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಮದುವೆಯ ಹಿಂದಿನ ದಿನ ನನ್ನ ಜಡೆ ಹೆಣೆಯುತ್ತಾ ನೀನು, "ಯಾರಿಂದ ಬೇಕಾದ್ರೂ ತಗೋತೀನಿ, ನಿನ್ನಿಂದ ಮಾತ್ರ ಬೇಡ ಕಣೇ. ನಾಳೆ ನಿಂಗೇನಾದ್ರೂ ಆದ್ರೆ ನಾನು ಹೇಗೆ ಬದುಕ್ಲಿ?" ಎಂದಿದ್ದೆ. ಅಕ್ಕ ಮುದ್ದಿಗೆ ಹೇಳುತ್ತಾಳೆ ಎಂದುಕೊಂಡು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಅದು ಉತ್ತರವಾಗಿತ್ತು, ಅಲ್ಲವೇ?

ಭಾವನಿಗೆ ನಮಸ್ಕಾರ, ಪುಟ್ಟಿಯ ಕೆನ್ನೆಗೆ ಎರಡು ಮುತ್ತು.

ನಿನ್ನ
ಬಾಲಂಗೋಚಿ

ಅಯ್ಯೋ, ಮುಖ್ಯವಾದದ್ದೇ ಬಿಟ್ಟುಹೋಯಿತು: ಆಪರೇಷನ್ನಿಗೆ ದಿನ ಗೊತ್ತು ಮಾಡೋಣವೇ ಎಂದು ಆಸ್ಪತ್ರೆಯವರು ಕೇಳಿದರು. ಅಕ್ಕ ಹೇಳುವವರೆಗೆ ಬೇಡ ಎಂದೆ. ನಿನ್ನನ್ನು ಒಪ್ಪಿಸಲು ಬರುತ್ತಿಲ್ಲ, ಕೇಳಲು ಬರುತ್ತಿದ್ದೇನೆ. ಬೇಡವೆಂದರೆ ಒಂದೆರಡು ದಿನ ಅಳುತ್ತೇನೆ, ಆದರೆ ಪೀಡಿಸುವುದಿಲ್ಲ. ಶುಕ್ರವಾರ, ಬೆಳಗಿನ ಪ್ಯಾಸೆಂಜರ್ ರೈಲು.